ಕೆಸುವಿನ ಸೊಪ್ಪು ಮತ್ತು ಕಣ್ಣಿನ ಒತ್ತಡ

ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಕೊಡಗಿನಲ್ಲಿ ತೋಡಿನ ಬದಿ, ಗದ್ದೆಯ ಅಂಚು, ಬಚ್ಚಲಿನ ಹಿಂದೆ ಎಲ್ಲೆಲ್ಲೂ ಕೆಸುವಿನ ಎಲೆ ಅರಳಿ ನಿಲ್ಲುತ್ತದೆ. ಎಳೆಯ ಎಲೆ ಕೊಯ್ದು, ಗಂಟಲು ತುರಿಸದಂತೆ ಹುಳಿ ಹಾಕಿ ಚೆನ್ನಾಗಿ ಬೇಯಿಸಿ, ಅಕ್ಕಿ ರೊಟ್ಟಿಯ ಜೊತೆ ಉಣ್ಣುವವರಿಗೆ ತಮ್ಮ ಕಣ್ಣಿಗೆ ಎಂಥ ಆಹಾರ ಸಿಗುತ್ತಿದೆ ಎಂಬುದು ಗೊತ್ತಿರಬೇಕು.

ಈ ಸೊಪ್ಪಿನಲ್ಲಿ, ಹಾಗೆಯೇ ನುಗ್ಗೆ ಸೊಪ್ಪಿನಲ್ಲಿ, ಕಡುಬಿನ ಜೊತೆಗಿನ ಕುಂಬಳಕಾಯಿ ಸಾರಿನಲ್ಲಿ ಬೀಟಾ ಕೆರೋಟಿನ್ ಇದೆ. ದೇಹ ಅದನ್ನು ಎ ಜೀವಸತ್ವವಾಗಿ ಬದಲಿಸಿಕೊಳ್ಳುತ್ತದೆ. ಕಣ್ಣಿನ ಒಳಗೋಡೆಯಾದ ಅಕ್ಷಿಪಟಲದ ಕೋಶಗಳಲ್ಲಿ ಅದು ಪ್ರೋಟೀನೊಂದಿಗೆ ಸೇರಿ ರೊಡಾಪ್ಸಿನ್ ಆಗುತ್ತದೆ. ಬೆಳಕು ತಾಗಿದೊಡನೆ ಅದರೊಳಗಿನ ಅಣು ಆಕಾರ ಬದಲಿಸುತ್ತದೆ. ಅಲ್ಲಿಂದಲೇ ಮಿದುಳಿಗೆ ಹೋಗುವ ಸಂಕೇತ ಹುಟ್ಟುತ್ತದೆ. ಇದನ್ನು ಬಿಡಿಸಿ ತೋರಿಸಿದ ಜಾರ್ಜ್ ವಾಲ್ಡ್‌ ಅವರಿಗೆ 1967ರಲ್ಲಿ ನೊಬೆಲ್ ಬಂತು. ಎ ಜೀವಸತ್ವ ಸಾಲದಾದಾಗ ಮೊದಲು ಕೈಕೊಡುವುದು ಮುಸ್ಸಂಜೆಯ ನೋಟ. ಮಗು ಕತ್ತಲಾಗುತ್ತಲೇ ಹೊಸ್ತಿಲು ಎಡವುತ್ತಿದ್ದರೆ ಗದರಿಸಬೇಡಿ, ವೈದ್ಯರಿಗೆ ತೋರಿಸಿ. ಒಂಬತ್ತು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಸರ್ಕಾರ ಆರು ತಿಂಗಳಿಗೊಮ್ಮೆ ಕೊಡುವ ಎ ಜೀವಸತ್ವದ ದ್ರಾವಣವನ್ನೂ ತಪ್ಪಿಸಬಾರದು.

ಹಸಿರು ಸೊಪ್ಪಿನಲ್ಲಿರುವ ಇನ್ನೊಂದು ವಸ್ತು ಲ್ಯೂಟಿನ್. ಅಕ್ಷಿಪಟಲದ ನಟ್ಟನಡುವೆ ಹಳದಿ ಬಣ್ಣವಾಗಿ ಕುಳಿತು ನೀಲಿ ಬೆಳಕನ್ನು ಹೀರಿಕೊಳ್ಳುವ ಇದನ್ನು ದೇಹ ತಾನಾಗಿ ತಯಾರಿಸಲಾರದು, ಊಟದಿಂದಲೇ ಬರಬೇಕು. ಜಿಡ್ಡಿಲ್ಲದೆ ಇವೆರಡೂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಆದ್ದರಿಂದ ಸೊಪ್ಪಿಗೆ ಒಗ್ಗರಣೆ ಬೇಕು, ಇಲ್ಲವೇ ಕಾಯಿತುರಿ. ಮೊಟ್ಟೆಯ ಹಳದಿಯಲ್ಲಿ ಲ್ಯೂಟಿನ್ನೂ ಜಿಡ್ಡೂ ಒಟ್ಟಿಗೇ ಇವೆ.

ಹಾಗೆಂದು ಕ್ಯಾರೆಟ್ ತಿಂದು ಕನ್ನಡಕ ಬಿಡಬಹುದು ಎಂಬ ಮಾತನ್ನು ನಂಬಬೇಡಿ. ಕನ್ನಡಕದ ನಂಬರು ಕಣ್ಣುಗುಡ್ಡೆಯ ಉದ್ದ ಮತ್ತು ಮಸೂರದ ವಿಷಯ. ಊಟ ಅದನ್ನು ಬದಲಿಸದು. ಅಂಗಡಿಯಲ್ಲಿ ಸಿಗುವ ಬೀಟಾ ಕೆರೋಟಿನ್ ಮಾತ್ರೆಗಳಂತೂ ಬೀಡಿ, ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತವೆ.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಗ್ಲಾಕೋಮಾ. ಕಣ್ಣಿನೊಳಗೆ ಸದಾ ಊರುವ ದ್ರವ ಸರಿಯಾಗಿ ಹೊರಹೋಗದೆ ಒತ್ತಡ ಏರಿ, ಕಣ್ಣಿನ ನರದ ಎಳೆಗಳು ಒಂದೊಂದಾಗಿ ಸಾಯುತ್ತವೆ. ಸಾಮಾನ್ಯವಾಗಿ ನೋವಿಲ್ಲ, ಕೆಂಪಿಲ್ಲ. ನೋಟ ಮೊದಲು ಅಂಚಿನಲ್ಲಿ ಸವೆಯುತ್ತದೆ, ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಕಾಫಿ ಕೊಯ್ಯುವವರಿಗೆ ಕೈಯ ಮುಂದಿನ ಹಣ್ಣು ಸ್ಪಷ್ಟವಾಗಿಯೇ ಕಾಣುತ್ತಿರುತ್ತದೆ. ಪಕ್ಕದ ರೆಂಬೆ ಕಾಣುತ್ತಿಲ್ಲ ಎಂಬುದು ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ. ಸತ್ತ ನರವನ್ನು ಯಾವ ಸೊಪ್ಪೂ, ಯಾವ ಶಸ್ತ್ರಚಿಕಿತ್ಸೆಯೂ ಮರಳಿ ತರಲಾರದು. ಉಳಿದದ್ದನ್ನು ಹನಿ ಔಷಧಿಯಿಂದ ಕಾಪಾಡಬಹುದು.

ಕನ್ನಡಕದ ಅಂಗಡಿಯಲ್ಲಿ ನಂಬರು ನೋಡಿಸಿದರೆ ಇದು ಸಿಕ್ಕಿಬೀಳುವುದಿಲ್ಲ. ನಲವತ್ತು ದಾಟಿದವರು ನೇತ್ರತಜ್ಞರ ಬಳಿ ಒತ್ತಡ ಅಳೆಸಬೇಕು, ನರವನ್ನೂ ನೋಡಿಸಬೇಕು. ಒತ್ತಡ ಸಹಜವಾಗಿದ್ದರೂ ಕೆಲವರಿಗೆ ಈ ರೋಗ ಬರುತ್ತದೆ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಅಣ್ಣತಮ್ಮ, ಅಕ್ಕತಂಗಿಯರೂ ತೋರಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆ ಇದ್ದವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲ ಪರೀಕ್ಷಿಸಿಕೊಳ್ಳಬೇಕು. ಅದಕ್ಕಾಗಿ ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ. ಕೆಲವು ಗಂಟೆ ನೋಟ ಮಂಜಾಗಿ, ಬಿಸಿಲು ಚುಚ್ಚುತ್ತದೆ. ಆ ದಿನ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯಬೇಕಾದವರು ತಾವೇ ವಾಹನ ಓಡಿಸದೆ ಬಸ್ಸಿನಲ್ಲಿ ಬರುವುದು ಒಳ್ಳೆಯದು.