ಸಂಜೆ ಐದರ ಬಿಸಿಲಿಗೆ ಸಜ್ಜಾ ಸಾಲದು

ಮಕ್ಕಳು ಬೆಂಗಳೂರು, ಪುಣೆ ಅಂತ ಹೊರಟುಹೋದ ಮೇಲೆ ದೊಡ್ಡ ಮನೆ ಭಾರವಾಗುತ್ತದೆ. ಗುಡಿಸಿ ಒರೆಸುವುದಕ್ಕೇ ಅರ್ಧ ದಿನ ಬೇಕು. ಮೆಟ್ಟಿಲು ಹತ್ತಿದರೆ ಮಂಡಿ ಹಿಡಿದುಕೊಳ್ಳುತ್ತದೆ. ಹಾಗಾಗಿ ನಿವೃತ್ತರಾದ ಗಂಡ-ಹೆಂಡತಿ ದಾವಣಗೆರೆಯ ಯಾವುದಾದರೂ ಹೊಸ ಬಡಾವಣೆಯಲ್ಲಿ 30×40 ಸೈಟು ಹಿಡಿದು, ಒಂದೇ ಅಂತಸ್ತಿನ ಪುಟ್ಟ ಮನೆ ಕಟ್ಟಿಸಿಕೊಳ್ಳುತ್ತಾರೆ. ಒಳ್ಳೆಯ ಯೋಚನೆಯೇ. ಆದರೆ ಮೊದಲ ಏಪ್ರಿಲ್ ಬರುತ್ತಿದ್ದಂತೆ ಒಂದು ಮಾತು ಶುರುವಾಗುತ್ತದೆ: "ಹಳೇ ಮನೆ ಇಷ್ಟು ಕಾಯ್ತಿರ್ಲಿಲ್ಲ ಕಣ್ರೀ."

ಅದು ಬರೀ ಅನಿಸಿಕೆಯಲ್ಲ. ಹಳೇ ಮನೆಯ ಕೆಳಗಿನ ಕೋಣೆಗೆ ಇಡೀ ಮೇಲಂತಸ್ತೇ ಕೊಡೆ ಹಿಡಿದಿತ್ತು. ಹೊಸ ಮನೆಯಲ್ಲಿ ಪ್ರತಿ ಕೋಣೆಯ ನೆತ್ತಿಯ ಮೇಲೂ ನೇರವಾಗಿ ಕಾದ ತಾರಸಿ. ಗೋಡೆಯ ಲೆಕ್ಕವೂ ಚಿಕ್ಕ ಮನೆಗೆ ಉಲ್ಟಾ. 40×40 ಅಡಿಯ ಮನೆಯಲ್ಲಿ ಒಂದಡಿ ಹೊರಗೋಡೆಗೆ 10 ಚದರಡಿ ನೆಲವಿರುತ್ತದೆ. 24×32 ಅಡಿಯ ಮನೆಯಲ್ಲಿ ಸುಮಾರು 7 ಚದರಡಿ ಮಾತ್ರ. ಅಂದರೆ ಮನೆ ಚಿಕ್ಕದಾದಷ್ಟೂ, ಒಳಗಿನ ಜಾಗಕ್ಕೆ ಹೋಲಿಸಿದರೆ ಬಿಸಿಲಿಗೆ ಒಡ್ಡಿದ ಮೈ ಜಾಸ್ತಿ. ಇನ್ನೊಂದು ಕಡೆ, ಒಳಗಿರುವವರಿಗೆ ವಯಸ್ಸಾಗಿರುತ್ತದೆ. ಬೆವರುವುದು ಕಡಿಮೆಯಾಗುತ್ತದೆ, ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ, ಮೈ ತಣ್ಣಗಾಗುವುದು ನಿಧಾನ. ಹಾಗಾಗಿ ಚಿಕ್ಕ ಮನೆಯ ಪ್ಲಾನು ದೊಡ್ಡ ಮನೆಯ ಪ್ಲಾನಿಗಿಂತ ಜಾಸ್ತಿ ತಲೆ ಖರ್ಚು ಮಾಡಿಸಬೇಕು.

ವಿದೇಶಿ ಪ್ಲಾನುಗಳನ್ನು ನೋಡಿ ದಾರಿ ತಪ್ಪುವವರೂ ಇದ್ದಾರೆ. ಯುರೋಪಿನ ಮನೆಗೆ ದಕ್ಷಿಣಕ್ಕೆ ದೊಡ್ಡ ಗಾಜು, ಆಸ್ಟ್ರೇಲಿಯಾದ ಮನೆಗೆ ಉತ್ತರಕ್ಕೆ ದೊಡ್ಡ ಗಾಜು. ಅವರಿಗೆ ಚಳಿಗಾಲದ ಬಿಸಿಲನ್ನು ಒಳಗೆ ಕರೆಯಬೇಕು. ನಮಗೆ ಬೇಸಿಗೆಯ ಬಿಸಿಲನ್ನು ಹೊರಗೇ ಕೂರಿಸಬೇಕು.

ಮೊದಲು ನಮ್ಮ ಊರಿನ ಸೂರ್ಯನನ್ನು ನೋಡೋಣ. ದಾವಣಗೆರೆ ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಚಿತ್ರದುರ್ಗವೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆ ಕ್ಷಣ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಇವೆರಡರ ನಡುವೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗೇ ಇರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲಿ, ಮಧ್ಯಾಹ್ನವೂ 52 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಗಡಿಯಾರದ ಹನ್ನೆರಡಕ್ಕೆ ನಮ್ಮಲ್ಲಿ ಮಧ್ಯಾಹ್ನ ಆಗುವುದಿಲ್ಲ ಎಂಬುದೂ ನೆನಪಿರಲಿ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಕೂರಿಸಿದ್ದು. ನಾವು ಅದಕ್ಕಿಂತ ಆರೂವರೆ ಡಿಗ್ರಿ ಪಶ್ಚಿಮದಲ್ಲಿದ್ದೇವೆ. ಹಾಗಾಗಿ ಸೂರ್ಯ ಮೇಲೇರಿ ಮುಗಿಸುವುದು ಸುಮಾರು 12.25ಕ್ಕೆ. ಸಂಜೆಯ ಬಿಸಿಲೂ ಅಷ್ಟೇ ಹೊತ್ತು ಉದ್ದ.

ಈಗ ಸಜ್ಜಾ, ಅಂದರೆ ಕಿಟಕಿಯ ಮೇಲೆ ಹೊರಚಾಚುವ ಚಪ್ಪಡಿಯ ವಿಚಾರ. ಸುಮಾರು ಮೇಸ್ತ್ರಿಗಳು ನಾಲ್ಕು ಕಡೆಯ ಕಿಟಕಿಗೂ ಒಂದೇ ಅಳತೆಯ ಸಜ್ಜಾ ಹಾಕುತ್ತಾರೆ. "ಎಲ್ಲಾ ಕಡೆ ಒಂದೇ ತರ ಇದ್ರೆ ಚೆಂದ ಸಾರ್" ಅನ್ನುವುದು ಅವರ ವಾದ. ಚೆಂದವೇನೋ ಹೌದು. ಆದರೆ ನೆರಳಿನ ಲೆಕ್ಕ ಹಾಕಿ ನೋಡಿ. ದಕ್ಷಿಣದ ಗೋಡೆಯಲ್ಲಿ ನಾಲ್ಕಡಿ ಎತ್ತರದ ಕಿಟಕಿ, ಅದರ ಮೇಲೆ ಎರಡಡಿ ಸಜ್ಜಾ ಇದೆ ಅಂದುಕೊಳ್ಳಿ. ಮಾರ್ಚ್ 21ರ ಸುಮಾರಿಗೆ ಅದರ ನೆರಳು ಏಳೂವರೆ ಅಡಿಗೂ ಕೆಳಗೆ ಇಳಿಯುತ್ತದೆ. ಸಜ್ಜಾ ಅಕ್ಕಪಕ್ಕ ಸಾಕಷ್ಟು ಅಗಲವಿದ್ದರೆ, ಅವತ್ತು ಇಡೀ ದಿನ ಕಿಟಕಿಗೆ ಬಿಸಿಲು ತಾಗುವುದಿಲ್ಲ. ಡಿಸೆಂಬರ್ ಮಧ್ಯಾಹ್ನ ನೆರಳು ಎರಡೂವರೆ ಅಡಿಗೆ ನಿಲ್ಲುತ್ತದೆ. ಕೆಳಗಿನ ಒಂದೂವರೆ ಅಡಿಯಲ್ಲಿ ಬಿಸಿಲು ಒಳಗೆ ಬರುತ್ತದೆ, ಆ ತಿಂಗಳು ಅದು ಹಿತವೇ. ಉತ್ತರದ ಗೋಡೆ ಇನ್ನೂ ಸುಲಭ. ಜೂನ್ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಒಂಬತ್ತೇ ಡಿಗ್ರಿ ಸರಿದಿರುತ್ತಾನೆ, ಆ ಹೊತ್ತಿಗೆ ಒಂದಡಿ ಸಜ್ಜಾವೂ ಸಾಕು.

ಅದೇ ಎರಡಡಿ ಸಜ್ಜಾ ಪಶ್ಚಿಮದ ಕಿಟಕಿಗೆ ಇಡಿ. ಏಪ್ರಿಲ್ ಮಧ್ಯದಲ್ಲಿ ಸಂಜೆ ಐದಕ್ಕೆ ಸೂರ್ಯನ ಎತ್ತರ ಸುಮಾರು 23 ಡಿಗ್ರಿ, ಇರುವುದು ಸರಿಯಾಗಿ ಪಶ್ಚಿಮಕ್ಕೆ. ನೆರಳು ಬೀಳುವುದು ಒಂದಡಿಗೂ ಕಮ್ಮಿ! ಉಳಿದ ಮೂರಡಿಗೂ ಹೆಚ್ಚು ಭಾಗದಲ್ಲಿ ಬಿಸಿಲು ಮಂಚದವರೆಗೂ ಬರುತ್ತದೆ. ಸಜ್ಜಾವನ್ನು ನಾಲ್ಕಡಿ ಮಾಡಿದರೂ ಅರ್ಧ ಕಿಟಕಿ ಮುಚ್ಚುವುದಿಲ್ಲ. ಪಶ್ಚಿಮದ ಸೂರ್ಯನನ್ನು ಮೇಲಿನಿಂದ ತಡೆಯಲಾಗದು, ಎದುರಿನಿಂದಲೇ ತಡೆಯಬೇಕು.

ಅದಕ್ಕೆ ಅಂತ ಒಳಗೆ ದಪ್ಪ ಪರದೆ ಹಾಕುವುದು ಸುಮ್ನೆ ಸಮಾಧಾನ. ಬಿಸಿಲು ಗಾಜು ದಾಟಿ ಬಂದು ಪರದೆಗೆ ತಾಗಿ ಶಾಖವಾಗುತ್ತದೆ. ಆ ಶಾಖವನ್ನು ಗಾಜು ವಾಪಸ್ಸು ಹೊರಗೆ ಬಿಡುವುದಿಲ್ಲ. ನೆರಳು ಗಾಜಿನ ಆಚೆಯೇ ಬೀಳಬೇಕು: ಬಿದಿರಿನ ತಟ್ಟಿ, ತೂತು ತೂತಿನ ಜಾಲಿ ಗೋಡೆ, ಜಾಗವಿದ್ದರೆ ಒಂದು ಹೊಂಗೆ ಮರ. ಹೊಂಗೆ ಬೇಸಿಗೆ ಏರುವ ಮುಂಚೆಯೇ ಹಳೇ ಎಲೆ ಉದುರಿಸಿ, ನೆರಳು ಬೇಕಾಗುವ ಹೊತ್ತಿಗೆ ಹೊಸ ಚಿಗುರು ತುಂಬಿಕೊಂಡಿರುತ್ತದೆ.

ಇನ್ನು ಗೋಡೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯನ್ನು ಶಾಖ ದಾಟಲು ಸುಮಾರು ಐದಾರು ಗಂಟೆ ಬೇಕು. ಸಂಜೆ ನಾಲ್ಕಕ್ಕೆ ಪಶ್ಚಿಮದ ಗೋಡೆ ಉಂಡ ಬಿಸಿ ಒಳಗೆ ಬರುವುದು ರಾತ್ರಿ ಒಂಬತ್ತು-ಹತ್ತಕ್ಕೆ, ಅಂದರೆ ಹಾಸಿಗೆ ಹಾಕುವ ಹೊತ್ತಿಗೆ. ಚಿತ್ರದುರ್ಗದ ಕೋಟೆಯನ್ನು ಬೇಸಿಗೆಯ ಸಂಜೆ ಹತ್ತಿದವರಿಗೆ ಇದು ಗೊತ್ತು. ಸೂರ್ಯ ಮುಳುಗಿದ ಮೇಲೂ ಬಂಡೆಯ ಮೇಲೆ ಕೈ ಇಟ್ಟರೆ ಬಿಸಿ ಹೊಡೆಯುತ್ತದೆ.

ಹಾಗಾಗಿ ನನ್ನ ಪ್ರಕಾರ ಚಿಕ್ಕ ಮನೆಯ ಪ್ಲಾನನ್ನು ದಿಕ್ಕಿನಿಂದಲ್ಲ, ಗಡಿಯಾರದಿಂದ ಶುರುಮಾಡಬೇಕು. ಯಾವ ಕೋಣೆಯಲ್ಲಿ ಎಷ್ಟು ಹೊತ್ತಿಗೆ ಯಾರಿರುತ್ತಾರೆ? ಬಚ್ಚಲು, ಮೆಟ್ಟಿಲು, ಸಾಮಾನಿನ ಕೋಣೆ, ಬಟ್ಟೆ ಒಗೆಯುವ ಜಾಗದಲ್ಲಿ ಸಂಜೆ ಯಾರೂ ಕೂರುವುದಿಲ್ಲ. ಅವೆಲ್ಲ ಪಶ್ಚಿಮಕ್ಕೆ ಸಾಲಾಗಿ ನಿಲ್ಲಲಿ. ಬಿಸಿಲಿಗೆ ಬಚ್ಚಲು ಬೇಗ ಒಣಗುತ್ತದೆ ಬೇರೆ, ವಯಸ್ಸಾದವರು ಜಾರುವ ಭಯವೂ ಅಷ್ಟು ಕಡಿಮೆ. ಮಲಗುವ ಕೋಣೆ ಪೂರ್ವಕ್ಕಿರಲಿ. ಆ ಗೋಡೆ ಬೆಳಗಿನ ಬಿಸಿಲುಂಡರೂ ರಾತ್ರಿ ಹೊತ್ತಿಗೆ ತಣ್ಣಗಾಗಿರುತ್ತದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಸರಿಯಾಗಿ ಕೂರುತ್ತದೆ, ರಾತ್ರಿ ನಿದ್ದೆಗೂ ಒಳ್ಳೆಯದು.

ಇಲ್ಲಿ ವಾಸ್ತು ಅಡ್ಡ ಬರುತ್ತದೆ, ಅಲ್ವಾ? ಯಜಮಾನರ ಕೋಣೆ ನೈಋತ್ಯಕ್ಕೇ ಬೇಕು ಅನ್ನುತ್ತಾರೆ. ಡಿಸೆಂಬರ್‌ನ ದಕ್ಷಿಣದ ಬಿಸಿಲು, ಏಪ್ರಿಲ್‌ನ ಪಶ್ಚಿಮದ ಬಿಸಿಲು ಎರಡನ್ನೂ ಉಣ್ಣುವ ಮೂಲೆ ಅದು. ಮನೆಯ ಹಿರಿಯರನ್ನು ಅಲ್ಲಿ ಮಲಗಿಸುವುದು ನನಗೆ ಒಪ್ಪಿಗೆಯಿಲ್ಲ. ಬೇಕೇ ಬೇಕು ಅಂದರೆ ಒಂದು ರಾಜಿ ಇದೆ. ಕೋಣೆಯ ಪಶ್ಚಿಮದ ಗೋಡೆಗೆ ಕಿಟಕಿ ಬೇಡ, ಅಲ್ಲಿ ಬಚ್ಚಲು ಇಡಿ, ಇಲ್ಲವೇ ಗೋಡೆ ತುಂಬ ಬೀರು ಮಾಡಿಸಿ. ಒತ್ತಾಗಿ ಜೋಡಿಸಿಟ್ಟ ಸೀರೆ-ಪಂಚೆ ಶಾಖವನ್ನು ಚೆನ್ನಾಗಿ ತಡೆಯುತ್ತವೆ. ಆಗ್ನೇಯದ ಅಡುಗೆಮನೆಯ ಬಗ್ಗೆ ಮಾತ್ರ ನನಗೆ ತಕರಾರಿಲ್ಲ. ಬೆಳಗ್ಗೆ ಬೆಳಕು ಸಿಗುತ್ತದೆ, ಪಶ್ಚಿಮದ ಗಾಳಿಗೆ ಒಗ್ಗರಣೆಯ ಘಾಟು ಹೊರಗೆ ಹೋಗುತ್ತದೆ.

ನಿಜವಾದ ಇಕ್ಕಟ್ಟು ಈ ಗಾಳಿಯದೇ. ಬಿಸಿಲು ಬೇಡವಾದ ದಿಕ್ಕಿನಿಂದಲೇ ಗಾಳಿ ಬರುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಸುಮ್ನೆ ಅಲ್ಲ. ಪಶ್ಚಿಮಕ್ಕೆ ಗೋಡೆ ಪೂರ್ತಿ ಕಟ್ಟಿಬಿಟ್ಟರೆ ಮನೆ ಉಸಿರುಗಟ್ಟುತ್ತದೆ. ನಾನು ಹೇಳುವುದಿಷ್ಟು: ಒಗೆಯುವ ಜಾಗಕ್ಕೆ ಜಾಲಿ ಗೋಡೆ ಇಡಿ, ಅದರಿಂದ ಹಾಲ್‌ಗೆ ಒಂದು ಬಾಗಿಲು, ಎದುರಿಗೆ ಪೂರ್ವದ ಕಿಟಕಿ. ಗಾಳಿ ನೆರಳಲ್ಲಿ ಹಾದು ಒಳಗೆ ಬರುತ್ತದೆ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಹಗಲು 36–38 ಡಿಗ್ರಿ ಮುಟ್ಟಿದರೂ ಬೆಳಗಿನ ಜಾವ 22–23ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ರಾತ್ರಿ ತೆರೆದಿಡಬಹುದಾದ, ಸರಳು-ಸೊಳ್ಳೆ ಪರದೆ ಎರಡೂ ಇರುವ ಕಿಟಕಿಗಳು ಬೇಕು. ಹಗಲು ಹತ್ತರ ನಂತರ ಅವನ್ನು ಮುಚ್ಚಿಡಿ.

ತಾರಸಿಗೆ ಏನು ಮಾಡುವುದು? ಚಿತ್ರದುರ್ಗ ಸೀಮೆಯ ಹಳೇ ಮಾಳಿಗೆ ಮನೆಗಳಲ್ಲಿ ತೊಲೆ-ಜಂತೆಗಳ ಮೇಲೆ ದಪ್ಪಗೆ ಮಣ್ಣು ಹಾಕಿ ಚೌಳು ಮಣ್ಣಿನಿಂದ ಬಳಿಯುತ್ತಿದ್ದರು. ಆ ದಪ್ಪವೇ ಶಾಖ ಕೆಳಗಿಳಿಯದಂತೆ ನೋಡಿಕೊಳ್ಳುತ್ತಿತ್ತು. ಐದು ಇಂಚಿನ ಕಾಂಕ್ರೀಟಿಗೆ ಆ ತಾಳ್ಮೆ ಇಲ್ಲ. ಕಡಿಮೆ ಖರ್ಚಿನ ಉಪಾಯ ಸುಣ್ಣ. ಹೊಸದಾಗಿ ಬಳಿದ ಬಿಳಿ ತಾರಸಿ ಬಿಸಿಲಿನ ಮುಕ್ಕಾಲು ಭಾಗದಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಧೂಳು ಕೂತರೆ ಕೆಲಸ ಕೆಟ್ಟಿತು, ಹಾಗಾಗಿ ಪ್ರತಿ ಫೆಬ್ರವರಿಯಲ್ಲಿ ಒಂದು ಕೈ ಬಳಿಯಬೇಕು.

ಇನ್ನೊಂದು ಉಪಾಯ ಸೋಲಾರ್ ಪ್ಯಾನೆಲ್. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿವರೆಗೆ ಸಹಾಯಧನವಿದೆ. ಕರೆಂಟಿನ ಜೊತೆಗೆ ತಾರಸಿಗೆ ನೆರಳೂ ಸಿಗುತ್ತದೆ. ಆದರೆ ನೀರಿನ ಟ್ಯಾಂಕ್ ಎಲ್ಲಿಡುತ್ತೀರಿ ಎಂಬುದನ್ನು ಮೊದಲೇ ನೋಡಿಕೊಳ್ಳಿ. ವಾಸ್ತುವಿನವರು ಅದನ್ನೂ ನೈಋತ್ಯಕ್ಕೆ ಹಾಕುತ್ತಾರೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಆರಡಿ ಟ್ಯಾಂಕಿನ ನೆರಳು ಎಂಟಡಿ ದಾಟಿ ಸರಿಯಾಗಿ ಈಶಾನ್ಯಕ್ಕೆ, ಅಂದರೆ ತಾರಸಿಯ ನಡುವಿನ ಪ್ಯಾನೆಲ್‌ಗಳ ಕಡೆಗೇ ಚಾಚುತ್ತದೆ. ಸಾಲಿನಲ್ಲಿ ಒಂದು ಪ್ಯಾನೆಲ್‌ಗೆ ನೆರಳು ಬಿದ್ದರೂ ಉಳಿದವುಗಳ ಉತ್ಪಾದನೆ ಕುಗ್ಗಬಹುದು. ಟ್ಯಾಂಕನ್ನು ವಾಯವ್ಯದ ಮೂಲೆಗೆ ಸರಿಸಿ. ಬಚ್ಚಲು ಹೇಗೂ ಪಶ್ಚಿಮದಲ್ಲೇ ಇರುವುದರಿಂದ ಪೈಪೂ ಉಳಿಯುತ್ತದೆ.