ರಿಕೋ ಕೇಸು ಬಿದ್ದರೆ: ಆರೋಪಪಟ್ಟಿ ಓದುವ ಬಗೆ, ವಕೀಲರನ್ನು ಹಿಡಿಯುವ ಬಗೆ

ಅಮೆರಿಕದ ಫೆಡರಲ್ ಕೋರ್ಟಿನ ಆರೋಪಪಟ್ಟಿಯಲ್ಲಿ ‘18ನೇ ಸಂಪುಟ, ಸೆಕ್ಷನ್ 1962’ ಎಂದು ಕಂಡರೆ ಅದು ರಿಕೋ ಕೇಸು, ಅಂದರೆ ಸಂಘಟಿತ ಅಪರಾಧದ ವಿರುದ್ಧದ ಅಮೆರಿಕದ ಕಾಯ್ದೆಯಡಿಯ ಕೇಸು. ಊರಿಗೆ ಫೋನ್ ಮಾಡಿ ವಿಷಯ ತಿಳಿಸುವಾಗ ‘ನಮ್ಮ ಕೋಕಾ ಕಾಯ್ದೆ ಇದ್ದ ಹಾಗೆ’ ಎನ್ನುವವರಿದ್ದಾರೆ. ಅದು ಅರ್ಧ ಮಾತ್ರ ಸರಿ. ಸಂಘಟಿತ ಅಪರಾಧ ತಡೆಯುವ ಕರ್ನಾಟಕದ ಕೋಕಾ ಹಾಕಬೇಕಾದರೆ ಹಿಂದಿನ 10 ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಆರೋಪಪಟ್ಟಿಗಳು ಸಲ್ಲಿಕೆಯಾಗಿರಬೇಕು. ರಿಕೋಗೆ ಹಳೆಯ ಕೇಸೇ ಬೇಕಿಲ್ಲ. ಒಮ್ಮೆಯೂ ಠಾಣೆಯ ಮೆಟ್ಟಿಲು ಹತ್ತದವರ ಮೇಲೂ ಹಾಕಬಹುದು.

ಕಾಯ್ದೆ ಬಂದದ್ದು 1970ರ ಅಕ್ಟೋಬರ್ 15ರಂದು. ಕೊಂದ ಆಳು ಜೈಲಿಗೆ ಹೋಗುತ್ತಿದ್ದ, ಕೊಲ್ಲಿಸಿದ ಯಜಮಾನ ಮನೆಯಲ್ಲೇ ಇರುತ್ತಿದ್ದ. ಆ ಯಜಮಾನನನ್ನು ಹಿಡಿಯುವುದು ಉದ್ದೇಶವಾಗಿತ್ತು. 1986ರಲ್ಲಿ ನ್ಯೂಯಾರ್ಕಿನ ಮಾಫಿಯಾ ‘ಕಮಿಷನ್’ (ಮುಖ್ಯಸ್ಥರ ಕೂಟ) ಕೇಸಿನಲ್ಲಿ ಅದು ಕೈಗೂಡಿತು ಕೂಡ. ಆದರೆ ಕಾಯ್ದೆಯಲ್ಲಿ ಮಾಫಿಯಾ ಎಂಬ ಪದವೇ ಇಲ್ಲ. ಅದರಡಿ ಪಟ್ಟಿಯಾಗಿರುವ ಮೂಲ ಅಪರಾಧಗಳಲ್ಲಿ ಕೊಲೆ, ಸುಲಿಗೆ, ಲಂಚದ ಜೊತೆಗೆ ಅಂಚೆ ವಂಚನೆ, ವೈರ್ ಫ್ರಾಡ್ (ಫೋನ್, ಇಮೇಲ್ ಮೂಲಕ ನಡೆಸುವ ವಂಚನೆ), ಅಕ್ರಮ ಹಣ ವರ್ಗಾವಣೆ, ವೀಸಾ ವಂಚನೆಯೂ ಇವೆ. 2015ರಲ್ಲಿ ಫಿಫಾದ ಫುಟ್‌ಬಾಲ್ ಅಧಿಕಾರಿಗಳ ಮೇಲೆ ಬಿದ್ದದ್ದೂ ಇದೇ.

ಹೆಚ್ಚಾಗಿ ಬಳಕೆಯಾಗುವುದು 1962(ಸಿ) ಮತ್ತು 1962(ಡಿ). ‘ಸಿ’ ಅಡಿ ಸರ್ಕಾರ ಸಾಬೀತುಪಡಿಸಬೇಕಾದದ್ದು ಇಷ್ಟು: ಒಂದು ‘ಎಂಟರ್‌ಪ್ರೈಸ್’ (ಕಂಪನಿ, ಸಂಸ್ಥೆ ಅಥವಾ ಗುಂಪು) ಇತ್ತು, ಅದರ ವ್ಯವಹಾರ ಅಂತರರಾಜ್ಯ ವಾಣಿಜ್ಯವನ್ನು ತಟ್ಟುತ್ತಿತ್ತು, ಆರೋಪಿ ಅದರ ಕಾರ್ಯಭಾರ ನಡೆಸುವುದರಲ್ಲಿ ಭಾಗಿಯಾಗಿದ್ದ, ಅದನ್ನು ಮೂಲ ಅಪರಾಧಗಳ ‘ಸರಣಿ’ಯ ಮೂಲಕ ಮಾಡಿದ. ‘ಡಿ’ ಎಂದರೆ ಇದಕ್ಕೆ ಒಪ್ಪಿ ಕೈಜೋಡಿಸಿದ ಪಿತೂರಿ. ಸರಣಿಗೆ 10 ವರ್ಷಗಳ ಅಂತರದೊಳಗೆ ಕನಿಷ್ಠ ಎರಡು ಕೃತ್ಯ ಬೇಕು. ‘ಹಾಗಾದರೆ ಎರಡು ಸುಳ್ಳು ಇಮೇಲ್ ಸಾಕಲ್ಲ’ ಎಂಬ ಭಯ ಇಲ್ಲಿಂದಲೇ ಹುಟ್ಟುವುದು. ಸಾಲದು. ಕೃತ್ಯಗಳ ನಡುವೆ ನಂಟು ಇರಬೇಕು, ಜೊತೆಗೆ ಅವು ಮುಂದುವರಿಯುವ ಸ್ವಭಾವದವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಕೆಲವು ವಾರ, ಕೆಲವು ತಿಂಗಳು ನಡೆದು ನಿಂತುಹೋದ, ಮತ್ತೆ ನಡೆಯುವ ಲಕ್ಷಣವಿಲ್ಲದ ವಂಚನೆ ವಂಚನೆಯಷ್ಟೇ, ರಿಕೋ ಅಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನ್ಯೂಜೆರ್ಸಿಯಲ್ಲೊಂದು ಐಟಿ ಕನ್ಸಲ್ಟೆನ್ಸಿ. ಇಲ್ಲದ ಪ್ರಾಜೆಕ್ಟ್ ತೋರಿಸಿ ಎಚ್-1ಬಿ ಅರ್ಜಿ ಹಾಕಿದ್ದಾರೆ, ಕೆಲಸಗಾರರಿಂದ ಹಣ ವಸೂಲಿ ಮಾಡಿದ್ದಾರೆ, ನಾಲ್ಕು ವರ್ಷ ನಡೆಸಿದ್ದಾರೆ ಎಂಬುದು ಆರೋಪ. ಮಾಲೀಕ, ಎಚ್‌ಆರ್ ಮ್ಯಾನೇಜರ್, ಪೇರೋಲ್ ನೋಡುವ ಅಕೌಂಟೆಂಟ್, ಮೂವರ ಹೆಸರೂ ಒಂದೇ ಆರೋಪಪಟ್ಟಿಯಲ್ಲಿದೆ.

‘ಕಂಪನಿಯೇ ನನ್ನದು, ನಾನು ನನ್ನ ಜೊತೆಗೇ ಗುಂಪು ಕಟ್ಟುವುದು ಹೇಗೆ’ ಎನ್ನುವ ಮಾಲೀಕನ ವಾದ ನಿಲ್ಲುವುದಿಲ್ಲ; ಮಾಲೀಕನೂ ಅವನ ಕಾರ್ಪೊರೇಷನ್ನೂ ಬೇರೆ ಬೇರೆ ಎಂದು 2001ರಲ್ಲಿ ತೀರ್ಪಾಗಿದೆ. ಅಕೌಂಟೆಂಟ್ ಮಾತ್ರ 1993ರ ರೀವ್ಸ್ ತೀರ್ಪನ್ನು ಹಿಡಿಯಬಹುದು: ಎಂಟರ್‌ಪ್ರೈಸನ್ನು ನಡೆಸುವುದರಲ್ಲಿ, ನಿರ್ವಹಿಸುವುದರಲ್ಲಿ ಪಾತ್ರವಿಲ್ಲದವರು ‘ಸಿ’ ಅಡಿ ಬರುವುದಿಲ್ಲ. ಪ್ರಾಸಿಕ್ಯೂಟರುಗಳಿಗೂ ಇದು ಗೊತ್ತು, ಅದಕ್ಕೇ ‘ಡಿ’ಯನ್ನು ಸೇರಿಸುತ್ತಾರೆ. ಪಿತೂರಿಗೆ ಆರೋಪಿ ಸ್ವತಃ ಎರಡು ಕೃತ್ಯ ಮಾಡಿರಬೇಕಿಲ್ಲ ಎಂದು 1997ರ ಸಲಿನಾಸ್ ತೀರ್ಪು ಹೇಳುತ್ತದೆ. ರೀವ್ಸ್ ವಾದವೂ ಹಲವು ಸರ್ಕ್ಯೂಟುಗಳಲ್ಲಿ (ಫೆಡರಲ್ ಮೇಲ್ಮನವಿ ಕೋರ್ಟುಗಳ ವ್ಯಾಪ್ತಿಗಳಲ್ಲಿ) ‘ಡಿ’ಯ ಮುಂದೆ ಮೊಂಡಾಗುತ್ತದೆ. ಅಲ್ಲಿ ಉಳಿಯುವ ಪ್ರಶ್ನೆ ಒಂದೇ, ಇವನು ಏನನ್ನು ತಿಳಿದು ಒಪ್ಪಿಕೊಂಡ? ‘ಎರಡು ವರ್ಷದ ಹಿಂದೆಯೇ ಕೆಲಸ ಬಿಟ್ಟೆ’ ಎಂದರೆ ಸಾಲದು. ಪಿತೂರಿಯಿಂದ ಹೊರಬಂದೆ ಎಂದು ತೋರಿಸುವ ಹೊಣೆ ಆರೋಪಿಯ ಮೇಲಿದೆ. ರಾಜೀನಾಮೆ ಪತ್ರದಲ್ಲಿ ‘ಈ ಅರ್ಜಿಗಳಿಗೆ ನಾನು ಸಹಿ ಹಾಕಲಾರೆ’ ಎಂಬ ಒಂದು ಸಾಲಿದ್ದರೆ ಅದಕ್ಕೆ ಚಿನ್ನದ ಬೆಲೆ.

ಆದ್ದರಿಂದ ಆರೋಪಪಟ್ಟಿಯನ್ನು ಮೊದಲ ಪುಟದಿಂದ ಗಾಬರಿಯಲ್ಲಿ ಓದಬೇಡಿ. ಪೆನ್ಸಿಲ್ ಹಿಡಿದು ನಿಮ್ಮ ಹೆಸರಿರುವ ಪ್ಯಾರಾಗಳ ಸಂಖ್ಯೆಗಳನ್ನು ಮಾತ್ರ ಗುರುತು ಮಾಡಿ. ‘ಕಾರ್ಯವಿಧಾನ’ದ ಭಾಗದಲ್ಲಿ ಇದೆಯೇ, ನಿರ್ದಿಷ್ಟ ಕೃತ್ಯಗಳ ಪಟ್ಟಿಯಲ್ಲಿ ದಿನಾಂಕ ಸಮೇತ ಇದೆಯೇ, ಅಥವಾ ‘ಮತ್ತು ಇತರರು’ ಎಂಬ ಮಾತಿನ ಅಕ್ಕಪಕ್ಕ ಮಾತ್ರ ಇದೆಯೇ ನೋಡಿ. ಅರವತ್ತು ಪುಟಗಳ ಪಟ್ಟಿಯಲ್ಲಿ ಮೂರೇ ಪ್ಯಾರಾ ನಿಮ್ಮದಾಗಿದ್ದರೆ ವಕೀಲರ ಕೆಲಸ ಶುರುವಾಗುವುದು ಆ ಮೂರರಿಂದ.

ಇನ್ನು ಮೊದಲ ದಿನದ ಮಾತು. ಶೋಧನೆಗೆ ಬರುವವರು ಸಾಮಾನ್ಯವಾಗಿ ಬೆಳಿಗ್ಗೆ 6ಕ್ಕೇ ಬರುತ್ತಾರೆ. ಮಾಮೂಲಿ ವಾರಂಟಿನ ಅವಧಿ ಬೆಳಿಗ್ಗೆ 6ರಿಂದ ರಾತ್ರಿ 10. ವಾರಂಟಿನ ಪ್ರತಿ ಕೇಳಿ ಪಡೆಯಿರಿ, ಅಡ್ಡ ನಿಲ್ಲಬೇಡಿ. ಏಜೆಂಟರು ಸಭ್ಯವಾಗಿ ‘ಎರಡೇ ಪ್ರಶ್ನೆ’ ಎನ್ನುತ್ತಾರೆ. ‘ವಕೀಲರಿಲ್ಲದೆ ಮಾತನಾಡುವುದಿಲ್ಲ’ ಎಂಬುದೊಂದೇ ಉತ್ತರ. ಫೆಡರಲ್ ಅಧಿಕಾರಿಗೆ ಸುಳ್ಳು ಹೇಳಿದರೆ, ಪ್ರಮಾಣ ಮಾಡಿರದಿದ್ದರೂ, ಅದೇ 5 ವರ್ಷದವರೆಗಿನ ಪ್ರತ್ಯೇಕ ಅಪರಾಧ. ವಾಟ್ಸ್ಆಪ್ ಗುಂಪು ಅಳಿಸುವುದು ಇನ್ನೂ ಕೆಟ್ಟದ್ದು: ತನಿಖೆಗೆ ಅಡ್ಡಿಯಾಗಲೆಂದು ದಾಖಲೆ ನಾಶ ಮಾಡಿದರೆ 20 ವರ್ಷದವರೆಗೆ ಶಿಕ್ಷೆಯಿದೆ. ಮೂಲ ಕೇಸಿನಲ್ಲಿ ಗೆದ್ದು ಇದರಲ್ಲಿ ಸಿಕ್ಕಿಬೀಳುವುದೂ ಉಂಟು.

ಭಾರತದಿಂದ ಬಂದವರು ಮೊದಲು ಕೇಳುವುದು ನಿರೀಕ್ಷಣಾ ಜಾಮೀನು. ಅಮೆರಿಕದಲ್ಲಿ ಅಂಥದ್ದಿಲ್ಲ. ಅದರ ಬದಲು, ‘ನೀವು ತನಿಖೆಯ ಗುರಿ’ ಎಂಬ ಟಾರ್ಗೆಟ್ ಲೆಟರ್ ಬಂದ ದಿನವೇ ವಕೀಲರು ಪ್ರಾಸಿಕ್ಯೂಟರನ್ನು ಸಂಪರ್ಕಿಸಿ, ಕೈಕೋಳದ ಬದಲು ಸ್ವಯಂ ಶರಣಾಗತಿಗೆ ಏರ್ಪಾಡು ಮಾಡಿಸಬಹುದು. ರಿಕೋ ಆರೋಪ ಹೊರಿಸುವ ಮುನ್ನ ಸ್ಥಳೀಯ ಪ್ರಾಸಿಕ್ಯೂಟರು ವಾಷಿಂಗ್ಟನ್‌ನ ನ್ಯಾಯ ಇಲಾಖೆಯ ಕ್ರಿಮಿನಲ್ ವಿಭಾಗದ ಒಪ್ಪಿಗೆ ಪಡೆಯಬೇಕು. ಇದು ಆರೋಪಿಗೆ ಸಿಗುವ ಅಪರೂಪದ ಬಾಗಿಲು: ಆ ಹಂತದಲ್ಲೇ ಅನುಭವಸ್ಥ ವಕೀಲರು ‘ಇದು ವಂಚನೆಯ ಕೇಸು, ರಿಕೋ ಅಲ್ಲ’ ಎಂದು ವಾದ ಮಂಡಿಸಿ ನೋಡಬಹುದು.

ಕಂಪನಿಯ ವಕೀಲರು ನಿಮ್ಮ ವಕೀಲರಲ್ಲ. ‘ನಾನು ಸಂಸ್ಥೆಯ ಪರ’ ಎಂದು ಅವರು ಆರಂಭದಲ್ಲೇ ಹೇಳುವುದು ಉಪಚಾರಕ್ಕಲ್ಲ. ನೀವು ಅವರಿಗೆ ಹೇಳಿದ್ದನ್ನು ಸರ್ಕಾರಕ್ಕೆ ಒಪ್ಪಿಸುವ ಅಧಿಕಾರ ಕಂಪನಿಯದು. ನಮ್ಮ ಉದಾಹರಣೆಯ ಮೂವರಿಗೂ ಒಬ್ಬರೇ ವಕೀಲರೆಂದರೆ ಖರ್ಚು ಉಳಿದೀತು, ಅಕೌಂಟೆಂಟ್ ಉಳಿಯಲಿಕ್ಕಿಲ್ಲ.

ವಕೀಲರನ್ನು ಆರಿಸುವಾಗ ರಾಜ್ಯದ ಬಾರ್ ಜಾಲತಾಣದಲ್ಲಿ ಲೈಸೆನ್ಸ್ ಮತ್ತು ಶಿಸ್ತುಕ್ರಮದ ದಾಖಲೆ ನೋಡಿ. ನಂತರ ‘ನೀವು ನಡೆಸಿದ ರಿಕೋ ಕೇಸುಗಳ ಸಂಖ್ಯೆ ಕೊಡಿ’ ಎಂದು ಕೇಳಿ. ಆ ಸಂಖ್ಯೆಗಳನ್ನು ಫೆಡರಲ್ ಕೋರ್ಟುಗಳ ದಾಖಲೆಯ ಜಾಲತಾಣವಾದ ಪೇಸರ್‌ನಲ್ಲಿ ಹಾಕಿದರೆ ಪುಟಕ್ಕೆ 10 ಸೆಂಟ್‌ಗೆ ಕೋರ್ಟಿನ ದಾಖಲೆ ಸಿಗುತ್ತದೆ. ಯಾವ ಅರ್ಜಿ ಹಾಕಿದರು, ವಿಚಾರಣೆಗೆ ಹೋದರೋ ತಪ್ಪೊಪ್ಪಿಗೆಯಲ್ಲೇ ಮುಗಿಸಿದರೋ ಎಲ್ಲವೂ ಅಲ್ಲಿರುತ್ತದೆ. ದಾಖಲೆಗಳ ರಾಶಿಯನ್ನು ಓದುವವರು ಯಾರು, ಅವರೋ ಜೂನಿಯರ್‌ಗಳೋ? ಫೀಸು ಯಾವ ಹಂತದವರೆಗೆ? ಇದನ್ನು ಬರವಣಿಗೆಯಲ್ಲೇ ಪಡೆಯಿರಿ. ‘ಬಿಡುಗಡೆಯಾದರೆ ಇಷ್ಟು ಕೊಡಿ’ ಎನ್ನುವವರಿಂದ ದೂರವಿರಿ, ಕ್ರಿಮಿನಲ್ ಕೇಸಿನಲ್ಲಿ ಗೆಲುವಿನ ಮೇಲೆ ಫೀಸು ಕಟ್ಟುವುದು ವೃತ್ತಿನಿಯಮಕ್ಕೆ ವಿರುದ್ಧ. ಹಣವಿಲ್ಲದಿದ್ದರೆ ನಿಮ್ಮ ಹಣಕಾಸಿನ ಸ್ಥಿತಿ ತಿಳಿಸುವ ಸಿಜೆಎ-23 ನಮೂನೆ ತುಂಬಿ, ಸರ್ಕಾರದ ಖರ್ಚಿನಲ್ಲಿ ಆರೋಪಿಯ ಪರ ವಾದಿಸುವ ಫೆಡರಲ್ ಡಿಫೆಂಡರನ್ನು ಕೇಳಿ. ‘ಸರ್ಕಾರಿ ವಕೀಲ’ ಎಂದು ಮೂಗು ಮುರಿಯುವುದು ನಮ್ಮವರ ಅಭ್ಯಾಸ. ಆದರೆ ಆ ಕೋರ್ಟಿನಲ್ಲಿ ದಿನ ಬೆಳಗಾದರೆ ವಾದಿಸುವವರು ಅವರೇ.

ಹಣದ ವಿಷಯದಲ್ಲಿ ಎರಡು ತೀರ್ಪು ನೆನಪಿರಲಿ. ಅಪರಾಧದಿಂದ ಬಂದ ಹಣದಲ್ಲಿ ವಕೀಲರ ಫೀಸು ಕಟ್ಟುವ ಹಕ್ಕಿಲ್ಲ (1989). ಅಪರಾಧಕ್ಕೆ ಸಂಬಂಧವಿಲ್ಲದ, ಫೀಸಿಗೆ ಬೇಕಾದ ಸ್ವಂತ ಹಣವನ್ನು ಸರ್ಕಾರ ತಡೆಹಿಡಿಯುವಂತಿಲ್ಲ (2016). ಸಂಬಳ, ಊರಿನ ಜಮೀನು ಮಾರಿದ ಹಣ, ಕಂಪನಿಯ ಲಾಭ ಎಲ್ಲವೂ ಒಂದೇ ಖಾತೆಯಲ್ಲಿ ಬೆರೆತಿದ್ದರೆ ಬಿಡಿಸಿ ತೋರಿಸಲು ಲೆಕ್ಕಪರಿಶೋಧಕರು ಬೇಕಾಗುತ್ತಾರೆ.

ಶಿಕ್ಷೆಯ ಮೇಲ್ಮಿತಿ 20 ವರ್ಷ, ಮೂಲ ಅಪರಾಧಕ್ಕೆ ಜೀವಾವಧಿ ಇದ್ದರೆ ಇಲ್ಲಿಯೂ ಜೀವಾವಧಿ. ಆದರೆ ಗ್ರೀನ್ ಕಾರ್ಡ್ ಅಥವಾ ವೀಸಾದಲ್ಲಿರುವವರಿಗೆ ವರ್ಷಗಳಿಗಿಂತ ಸೆಕ್ಷನ್ ಸಂಖ್ಯೆಯೇ ದುಬಾರಿ. ಸೆಕ್ಷನ್ 1962ರಡಿ ಅಪರಾಧ ಸಾಬೀತಾದರೆ ವಲಸೆ ಕಾನೂನು ಅದನ್ನು ‘ತೀವ್ರ ಅಪರಾಧ’ ಎಂದೇ ಎಣಿಸುತ್ತದೆ. ಶಿಕ್ಷೆ ಕಡಿಮೆ ಬಂದರೂ ಗಡೀಪಾರು ತಪ್ಪಿಸುವುದು ಬಹಳ ಕಷ್ಟ. ರಿಕೋ ಬಿದ್ದುಹೋಗಿ ಉಳಿದ ಆರೋಪ ನಿಲ್ಲುವುದೂ ಇದೆ: 2025ರ ಜುಲೈನಲ್ಲಿ ಗಾಯಕ ಶಾನ್ ಕೋಂಬ್ಸ್ ಕೇಸಿನಲ್ಲಿ ಜ್ಯೂರಿ ರಿಕೋ ಪಿತೂರಿಯನ್ನು ಒಪ್ಪಲಿಲ್ಲ, ಬೇರೆ ಎರಡು ಆರೋಪಗಳಲ್ಲಿ ತಪ್ಪಿತಸ್ಥನೆಂದಿತು. ತಪ್ಪೊಪ್ಪಿಗೆಯ ಮಾತುಕತೆಯಲ್ಲೂ ಯಾವ ಸೆಕ್ಷನ್ ಎಂಬುದರ ಮೇಲೇ ಜಗ್ಗಾಟ. ವಲಸೆಯ ಪರಿಣಾಮ ತಿಳಿಸುವುದು ವಕೀಲರ ಕರ್ತವ್ಯವೆಂದು 2010ರ ಪಡಿಲ್ಲಾ ತೀರ್ಪು ಹೇಳಿದೆ. ಸಹಿಗೆ ಮುನ್ನ ವಲಸೆ ವಕೀಲರಿಂದಲೂ ಲಿಖಿತ ಅಭಿಪ್ರಾಯ ಪಡೆಯಿರಿ.

ಬಂಧನವಾದರೆ ಭಾರತದ ಕಾನ್ಸುಲೇಟ್‌ಗೆ ತಿಳಿಸಿ ಎಂದು ಬಾಯಿಬಿಟ್ಟು ಕೇಳಬೇಕು, ಭಾರತೀಯರ ವಿಷಯದಲ್ಲಿ ಅದು ತಾನಾಗಿ ಆಗುವುದಿಲ್ಲ. ಮನೆ ಮುಟ್ಟುಗೋಲಾಗಿ, ಅದರಲ್ಲಿ ಹೆಂಡತಿಯ ಪಾಲೂ ಇದ್ದರೆ, ನೋಟಿಸ್ ಕೈಸೇರಿದ ಅಥವಾ ಕೊನೆಯ ಪ್ರಕಟಣೆಯ ದಿನದಿಂದ, ಯಾವುದು ಮೊದಲೋ ಅಲ್ಲಿಂದ, 30 ದಿನದೊಳಗೆ ಅವರು ತಮ್ಮದೇ ಹೆಸರಿನಲ್ಲಿ ಕೋರ್ಟಿಗೆ ತಕರಾರು ಅರ್ಜಿ ಹಾಕಬೇಕು. ಗಂಡನ ವಕೀಲರು ಹಾಕುತ್ತಾರೆಂದು ಕಾದು ಕೂತರೆ ಆ ಗಡುವು ದಾಟಿಹೋಗುತ್ತದೆ.