ಅಕ್ಕ ಅಲಂಗ್‌ಗೆ, ತಂಗಿ ಮತ್ತೆ ಕಡಲಿಗೆ

2020ರ ನವೆಂಬರ್. ಗುಜರಾತಿನ ಭಾವನಗರ ಜಿಲ್ಲೆಯಲ್ಲಿ ಹಳೆಯ ಹಡಗುಗಳನ್ನು ಒಡೆಯುವ ಅಲಂಗ್ ತೀರಕ್ಕೆ ಒಂದು ಬಿಳಿ ಹಡಗು ಬಂತು. 245 ಮೀಟರ್ ಉದ್ದ. ಮುಂಭಾಗದ ಮಾಡು ಡಾಲ್ಫಿನ್ನಿನ ಹಣೆಯ ಹಾಗೆ ನುಣ್ಣಗೆ ಉಬ್ಬಿತ್ತು. ಹೆಸರು ಕರ್ಣಿಕಾ. ಕರ್ಣಿಕೆ ಅಂದರೆ ತಾವರೆಯ ನಡುವಿನ ಬೀಜಕೋಶ. ಹಡಗಿಗೆ ಎಷ್ಟು ಚೆಂದದ ಹೆಸರು, ಅಲ್ವಾ?

ಒಂದೂವರೆ ವರ್ಷದ ಹಿಂದಷ್ಟೇ ಅದು ಮುಂಬೈಗೆ ಬಂದಿತ್ತು. ಜಲೇಶ್ ಕ್ರೂಸಸ್ ಎಂಬ ಭಾರತೀಯ ಕಂಪನಿ ಅದರಲ್ಲಿ ಜನರನ್ನು ಗೋವಾ, ದಿಯು, ದುಬೈ ಕಡೆ ಪ್ರವಾಸ ಕರೆದೊಯ್ಯುತ್ತಿತ್ತು. ಅಷ್ಟರಲ್ಲಿ ಕೋವಿಡ್ ಬಂತು. ಹಡಗು ಮುಂಬೈಯಲ್ಲೇ ನಿಂತುಬಿಟ್ಟಿತು. ಕಂಪನಿ ಬಾಗಿಲು ಹಾಕಿತು. ಬಾಂಬೆ ಹೈಕೋರ್ಟ್ ಆದೇಶದಂತೆ ಹಡಗು ಹರಾಜಾಯಿತು. ಕೊಂಡವರು ಅದನ್ನು ಗುಜರಿಗೆ ಕಳಿಸಿದರು.

ಈ ಹಡಗು ಕಟ್ಟಿ ಮುಗಿದದ್ದು 1990ರಲ್ಲಿ. ಇಟಲಿಯ ಮೊನ್ಫಾಲ್ಕೋನೆ ಎಂಬ ಊರಿನಲ್ಲಿ, ಫಿಂಕಾಂತಿಯೇರಿ ಹಡಗುಕಟ್ಟೆಯಲ್ಲಿ. ಪ್ಯಾರಿಸ್ಸಿನ ಪೊಂಪಿದೂ ಕಲಾಕೇಂದ್ರವನ್ನು ರೂಪಿಸಿದವರಲ್ಲಿ ಒಬ್ಬರಾದ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಇದರ ಹೊರರೂಪ ತಿದ್ದಿದರು. ಮೊದಲ ಹೆಸರು ಕ್ರೌನ್ ಪ್ರಿನ್ಸೆಸ್. ಆಮೇಲೆ ಆರೋಸಾ ಬ್ಲೂ, ಐಡಾ ಬ್ಲೂ, ಓಷನ್ ವಿಲೇಜ್ ಟೂ, ಪೆಸಿಫಿಕ್ ಜ್ಯುವೆಲ್. ಕೊನೆಗೆ ಕರ್ಣಿಕಾ. ಮೂವತ್ತು ವರ್ಷದಲ್ಲಿ ಆರು ಹೆಸರು.

ಇದಕ್ಕೊಬ್ಬಳು ತಂಗಿ ಇದ್ದಳು. ಅದೇ ಕಟ್ಟೆಯಲ್ಲಿ, ಅದೇ ನಕ್ಷೆಯಲ್ಲಿ ಕಟ್ಟಿದ ರೀಗಲ್ ಪ್ರಿನ್ಸೆಸ್. 1991ರಲ್ಲಿ ನ್ಯೂಯಾರ್ಕಿನಲ್ಲಿ ಅದಕ್ಕೆ ನಾಮಕರಣ ಮಾಡಿದವರು ಬ್ರಿಟನ್ನಿನ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್. ಮುಂದೆ ಆಸ್ಟ್ರೇಲಿಯಾದಲ್ಲಿ ಪೆಸಿಫಿಕ್ ಡಾನ್ ಎಂಬ ಹೆಸರಲ್ಲಿ ಓಡಾಡಿತು. ಅಕ್ಕ ಅಲಂಗ್‌ಗೆ ಹೋದ ಕಾಲಕ್ಕೇ ತಂಗಿಯ ಕಥೆಯೂ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡಿದ್ದರು. ಆದರೆ ಮುಗಿಯಲಿಲ್ಲ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಮೊದಲು ಒಂದು ಸುಲಭದ ಪ್ರಶ್ನೆ. ಹಡಗಿಗೆ ವಯಸ್ಸಾಯಿತು ಅಂದರೇನು?

ಉಕ್ಕು ತುಕ್ಕು ಹಿಡಿಯುತ್ತದೆ, ನಿಜ. ಉಪ್ಪುನೀರಿನಲ್ಲಂತೂ ಬೇಗ ಹಿಡಿಯುತ್ತದೆ. ಅದಕ್ಕೇ ಹಡಗಿನ ಹೊಟ್ಟೆಗೆ ಅಲ್ಲಲ್ಲಿ ಸತುವಿನ ಗಟ್ಟಿಗಳನ್ನು ಜೋಡಿಸಿರುತ್ತಾರೆ. ಸತು ಉಕ್ಕಿಗಿಂತ ಬೇಗ ಕರಗುವ ಲೋಹ. ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಸವೆದ ಗಟ್ಟಿಯನ್ನು, ನೀರು ಬಸಿದು ಹಡಗನ್ನು ಒಣನೆಲದಲ್ಲಿ ನಿಲ್ಲಿಸುವ ಕಟ್ಟೆಯಲ್ಲಿ, ಅಂದರೆ ಡ್ರೈ ಡಾಕ್‌ನಲ್ಲಿ ಬದಲಿಸುತ್ತಾರೆ. ಐದು ವರ್ಷಕ್ಕೊಮ್ಮೆ ದೊಡ್ಡ ತಪಾಸಣೆ ನಡೆಯುತ್ತದೆ. ಆಗ ತಗಡಿನ ಮೇಲೆ ಸಣ್ಣ ಉಪಕರಣ ಇಟ್ಟು ಶಬ್ದದ ಅಲೆ ಕಳಿಸುತ್ತಾರೆ. ನಮ್ಮ ಕಿವಿಗೆ ಕೇಳದ ಅಲೆ ಅದು. ಆಚೆ ಬದಿಗೆ ಬಡಿದು ವಾಪಸು ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ತಗಡು ಎಷ್ಟು ದಪ್ಪ ಉಳಿದಿದೆ ಎಂದು ತಿಳಿಯುತ್ತದೆ. ತೆಳುವಾದ ಕಡೆ ಕತ್ತರಿಸಿ ಹೊಸ ತಗಡು ಬೆಸೆಯುತ್ತಾರೆ. ಹೀಗೆ ನೋಡಿಕೊಂಡರೆ ಹಡಗು ಐವತ್ತು ವರ್ಷವೂ ಬಾಳುತ್ತದೆ.

ಹಾಗಾದರೆ ಮೂವತ್ತಕ್ಕೇ ಯಾಕೆ ಹೋಗುತ್ತದೆ? ಅದನ್ನು ನಡೆಸುವುದು ದುಬಾರಿಯಾಗುತ್ತಾ ಹೋಗುತ್ತದೆ, ಅದಕ್ಕೆ. ಪ್ರತಿ ತಪಾಸಣೆಯ ಖರ್ಚು ಹಿಂದಿನದಕ್ಕಿಂತ ಜಾಸ್ತಿ. ನಿಯಮಗಳೂ ಬದಲಾಗುತ್ತವೆ. 1980ಕ್ಕೂ ಮೊದಲಿನ ಹಲವು ಪ್ರಯಾಣಿಕ ಹಡಗುಗಳಲ್ಲಿ ಮರದ ಹಲಗೆ, ಮರದ ಮೆಟ್ಟಿಲು ಇದ್ದವು. 2010ರ ಅಕ್ಟೋಬರ್ 1ರಿಂದ ಬೆಂಕಿ ಹಿಡಿಯುವ ಅಂಥ ವಸ್ತು ಇರಬಾರದು ಎಂಬ ಅಂತಾರಾಷ್ಟ್ರೀಯ ನಿಯಮ ಬಂತು. ಹಳೆಯ ಸೊಗಸಿನ ಎಷ್ಟೋ ಹಡಗುಗಳು ಆಗಲೇ ಗುಜರಿ ಸೇರಿದವು. 2020ರ ಜನವರಿಯಿಂದ ಇಂಧನದಲ್ಲಿ ಗಂಧಕದ ಮಿತಿ ಶೇಕಡಾ 3.5ರಿಂದ 0.5ಕ್ಕೆ ಇಳಿಯಿತು. ಇದು ಒಳ್ಳೆಯ ನಿಯಮ. ಬಂದರು ಊರುಗಳ ಗಾಳಿ ಇದರಿಂದ ಹಗುರಾಯಿತು. ಆದರೆ ಹಳೆಯ ಹಡಗಿನ ಖರ್ಚು ಏರಿತು.

ಇನ್ನೊಂದು ಕಡೆ ಹೊಸ ಹಡಗುಗಳು ಬೆಳೆಯುತ್ತಲೇ ಇವೆ. ಕರ್ಣಿಕಾ ಸುಮಾರು 70 ಸಾವಿರ ಗ್ರಾಸ್ ಟನ್ನಿನ ಹಡಗು. 2024ರಲ್ಲಿ ಬಂದ ಐಕಾನ್ ಆಫ್ ದಿ ಸೀಸ್ ಸುಮಾರು 2 ಲಕ್ಷ 48 ಸಾವಿರ. ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಈ ಟನ್ ತೂಕ ಅಲ್ಲ. ಹಡಗಿನ ಒಳಗಿನ ಜಾಗದ ಅಳತೆ. ಗುಜರಿ ಕೊಳ್ಳುವವರು ಇದನ್ನು ನೋಡುವುದೇ ಇಲ್ಲ. ಅವರಿಗೆ ಬೇಕಾದದ್ದು ಎಲ್‌ಡಿಟಿ. ಅಂದರೆ ಎಣ್ಣೆ, ನೀರು, ಸಾಮಾನು, ಜನ ಎಲ್ಲ ಇಳಿಸಿದ ಮೇಲೆ ಬರಿಯ ಹಡಗು ಎಷ್ಟು ತೂಗುತ್ತದೆ ಎಂಬುದು. ಬೆಲೆ ಕಟ್ಟುವುದು ಆ ತೂಕಕ್ಕೆ, ಟನ್ನಿಗೆ ಇಷ್ಟು ಡಾಲರ್ ಅಂತ.

ಮಾರಾಟದಲ್ಲಿ ಒಬ್ಬ ಮಧ್ಯವರ್ತಿ ಇರುತ್ತಾನೆ. ಅವನನ್ನು ಕ್ಯಾಶ್ ಬಯರ್ ಅನ್ನುತ್ತಾರೆ. ಹಡಗು ಕೊಂಡು, ಎಷ್ಟೋ ಸಲ ಅದರ ಬಾವುಟವನ್ನೇ ಬದಲಿಸಿ, ಪಲಾವು, ಕೊಮೊರೊಸ್‌ನಂಥ ಪುಟ್ಟ ದೇಶಗಳಲ್ಲಿ ನೋಂದಾಯಿಸುತ್ತಾನೆ. ಹೆಸರಿನ ಅಕ್ಷರಗಳಿಗೂ ಬಣ್ಣ ಬಳಿಯುತ್ತಾರೆ. ಗ್ರ್ಯಾಂಡ್ ಸೆಲೆಬ್ರೇಷನ್ ಎಂಬ ಹಡಗು ಅಲಂಗ್‌ಗೆ ಬರುವಾಗ ಬರೀ ಗ್ರ್ಯಾಂಡ್ ಆಗಿತ್ತು. ಬಾವುಟ ಬದಲಾದರೆ ಹಡಗನ್ನು ದುಡಿಸಿ ಲಾಭ ಮಾಡಿದ ದೇಶ ಯಾವುದು ಎಂಬುದೇ ಕಾಗದದಲ್ಲಿ ಕಾಣದಂತಾಗುತ್ತದೆ. ಈ ಇಡೀ ವ್ಯವಹಾರದಲ್ಲಿ ನನಗೆ ಅತಿ ಹೆಚ್ಚು ನೋವು ತರುವ ಭಾಗ ಇದೇ.

ಸರಿ, ಗುಜರಿಗೆ ಅಲಂಗೇ ಯಾಕೆ? ಉತ್ತರ ಚಂದ್ರನ ಹತ್ತಿರ ಇದೆ.

ಮಲ್ಪೆಯಲ್ಲೋ ಮಂಗಳೂರಿನಲ್ಲೋ ದಡದಲ್ಲಿ ನಿಂತು ನೋಡಿ. ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಒಂದೂವರೆ ಮೀಟರಿನಷ್ಟು ವ್ಯತ್ಯಾಸ. ಅದೇ ಅರಬ್ಬಿ ಸಮುದ್ರ ಖಂಭಾತ್ ಕೊಲ್ಲಿಗೆ ನುಗ್ಗಿದಾಗ ಬೇರೆಯೇ ಆಗುತ್ತದೆ. ಆ ಕೊಲ್ಲಿ ಆಲಿಕೆಯ ಹಾಗೆ. ಬಾಯಿ ಅಗಲ, ಒಳಗೆ ಹೋದಂತೆ ಕಿರಿದು, ಆಳವೂ ಕಡಿಮೆ. ಬಂದ ನೀರಿಗೆ ಪಕ್ಕಕ್ಕೆ ಹೋಗಲು ಜಾಗ ಇಲ್ಲ. ಮೇಲೇರಲೇಬೇಕು. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ ಚಂದ್ರ ಒಂದೇ ಸಾಲಿಗೆ ಬಂದು ಎಳೆಯುವಾಗ ಇಲ್ಲಿ ನೀರು ಹತ್ತು ಮೀಟರಿನಷ್ಟು ಏರಿ ಇಳಿಯುತ್ತದೆ. ಮೂರು ಮಹಡಿ ಎತ್ತರ! ದಡವೂ ಮೆಲ್ಲಗೆ ಇಳಿಜಾರಾಗಿದೆ.

ಹಡಗನ್ನು ಹಗುರ ಮಾಡಿಕೊಂಡು ಆ ದಿನಕ್ಕೆ ಕಾಯುತ್ತಾರೆ. ನೀರು ತುಂಬಿ ನಿಂತ ಗಳಿಗೆಯಲ್ಲಿ ಎಂಜಿನ್ನಿನ ಪೂರ್ತಿ ಶಕ್ತಿ ಹಾಕಿ ನೇರ ದಡಕ್ಕೆ ನುಗ್ಗಿಸುತ್ತಾರೆ. ಜೀವಮಾನವಿಡೀ ದಡಕ್ಕೆ ತಾಗದಂತೆ ಕಾಪಾಡಿಕೊಂಡು ಬಂದ ಹಡಗನ್ನು ಕ್ಯಾಪ್ಟನ್ ಬೇಕೆಂದೇ ನೆಲಕ್ಕೆ ಹತ್ತಿಸುವ ಕ್ಷಣ ಅದು. ಕೆಲವು ಗಂಟೆಗಳಲ್ಲಿ ನೀರು ಹಿಂದೆ ಸರಿಯುತ್ತದೆ. ಹಡಗು ಕೆಸರಿನಲ್ಲಿ ನಿಂತಿರುತ್ತದೆ. ಡ್ರೈ ಡಾಕ್ ಕಟ್ಟಲು ಆಗುವ ಕೋಟಿಗಟ್ಟಲೆ ಖರ್ಚನ್ನು ಇಲ್ಲಿ ಉಬ್ಬರ ಇಳಿತವೇ ಉಳಿಸಿಕೊಡುತ್ತದೆ. 1983ರಲ್ಲಿ ಇಲ್ಲಿ ಈ ಕೆಲಸ ಶುರುವಾಯಿತು. ಈಗ ಸುಮಾರು ಹತ್ತು ಕಿಲೋಮೀಟರ್ ಉದ್ದಕ್ಕೂ ಯಾರ್ಡುಗಳ ಸಾಲಿದೆ.

ಟರ್ಕಿಯ ಅಲಿಯಾಗದಲ್ಲಿ ಹೀಗಾಗದು. ಏಜಿಯನ್ ಸಮುದ್ರದಲ್ಲಿ ಉಬ್ಬರವೇ ಕಡಿಮೆ. ಅಲ್ಲಿ ಮೂತಿಯನ್ನು ಮಾತ್ರ ದಡಕ್ಕೆ ಹತ್ತಿಸಿ, ಹಿಂಭಾಗ ನೀರಲ್ಲೇ ಇದ್ದಂತೆ ಕತ್ತರಿಸಿ, ತುಂಡುಗಳನ್ನು ಕ್ರೇನಿನಲ್ಲಿ ಎತ್ತುತ್ತಾರೆ. 2020ರಲ್ಲಿ ಕಾರ್ನಿವಲ್ ಕಂಪನಿಯ ಫ್ಯಾಂಟಸಿ, ಇನ್ಸ್ಪಿರೇಷನ್, ಇಮ್ಯಾಜಿನೇಷನ್ ಹಡಗುಗಳು ಅಲ್ಲೇ ಸಾಲಾಗಿ ನಿಂತಿದ್ದವು.

ಸರಕು ಹಡಗು ಒಡೆಯುವುದಕ್ಕೂ ಕ್ರೂಸ್ ಹಡಗು ಒಡೆಯುವುದಕ್ಕೂ ಬಹಳ ವ್ಯತ್ಯಾಸ ಇದೆ. ಸರಕು ಹಡಗು ಹೆಚ್ಚುಕಡಿಮೆ ಒಂದು ದೊಡ್ಡ ಉಕ್ಕಿನ ಪೆಟ್ಟಿಗೆ. ಕ್ರೂಸ್ ಹಡಗು ಒಂದು ಊರು. ನೂರಾರು ಕೋಣೆ, ಪ್ರತಿ ಕೋಣೆಗೂ ಬಚ್ಚಲು, ಹಾಸುಗಂಬಳಿ, ಅಡುಗೆಮನೆಗಳು, ಚಿತ್ರಮಂದಿರ, ಈಜುಕೊಳ, ಗೋಡೆಯ ಒಳಗೆ ಕಿಲೋಮೀಟರುಗಟ್ಟಲೆ ವೈರು. ಇವನ್ನೆಲ್ಲ ಕೈಯಿಂದಲೇ ಬಿಚ್ಚಬೇಕು. ಆಮೇಲಷ್ಟೇ ಗ್ಯಾಸ್ ಕಟ್ಟರಿನ ಸರದಿ.

ಅಪಾಯ ಇರುವುದೂ ಆ ಗೋಡೆಗಳ ಒಳಗೇ. ಹಳೆಯ ಹಡಗುಗಳಲ್ಲಿ ಬೆಂಕಿ ತಡೆಯಲು ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬಳಸುತ್ತಿದ್ದರು. ಬಾಯ್ಲರಿಗೆ ಸುತ್ತಿದ ಹೊದಿಕೆ, ಪೈಪು, ಕೋಣೆಯ ಹಲಗೆ, ಎಲ್ಲ ಕಡೆ. ಸುಮ್ನೆ ಇದ್ದರೆ ಅದು ತೊಂದರೆ ಕೊಡದು. ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗಿ ಗಾಳಿಗೆ ಸೇರುತ್ತದೆ. ಶ್ವಾಸಕೋಶದ ಆಳಕ್ಕಿಳಿದ ಎಳೆಯನ್ನು ದೇಹ ಕರಗಿಸಲಾರದು, ಹೊರಗೂ ಹಾಕಲಾರದು. ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಬೇಕಾಗಬಹುದು. ಅಲಂಗ್‌ನಲ್ಲಿ ದುಡಿಯುವವರು ಹೆಚ್ಚಾಗಿ ಉತ್ತರ ಪ್ರದೇಶ, ಬಿಹಾರ, ಜಾರ್ಖಂಡ್, ಒಡಿಶಾದಿಂದ ಬಂದವರು. ಕೆಲವು ವರ್ಷ ದುಡಿದು ಊರಿಗೆ ಹೋದವನಿಗೆ ಮೂವತ್ತು ವರ್ಷದ ಮೇಲೆ ಉಸಿರು ಕಟ್ಟಿದರೆ, ಯಾವ ಹಡಗಿನ ಯಾವ ಗೋಡೆ ಕಾರಣ ಎಂದು ಯಾರು ಹೇಳುತ್ತಾರೆ?

ಕಲ್ನಾರೊಂದೇ ಅಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. ಕಟ್ಟರಿನ ಜ್ವಾಲೆ ತಾಗಿದರೆ ಅದು ಹೊಗೆಯಾಗಿ ಮೂಗಿಗೆ ಬರುತ್ತದೆ. ಟ್ಯಾಂಕಿನ ತಳದಲ್ಲಿ ಉಳಿದ ಎಣ್ಣೆಯ ಆವಿಗೆ ಒಂದು ಕಿಡಿ ಸಾಕು. 2014ರ ಜೂನ್‌ನಲ್ಲಿ ಅಲಂಗ್‌ನಲ್ಲಿ ಒಂದು ಅನಿಲ ಸಾಗಣೆ ಹಡಗು ಒಡೆಯುವಾಗ ಸ್ಫೋಟವಾಗಿ ಐವರು ಕಾರ್ಮಿಕರು ಸತ್ತರು.

ಈ ವಿಷಯ ನಮ್ಮ ದೇಶದಲ್ಲಿ ದೊಡ್ಡದಾಗಿ ಚರ್ಚೆಯಾಗಿದ್ದು ಬ್ಲೂ ಲೇಡಿ ಎಂಬ ಹಡಗಿನಿಂದ. ಅದರ ಹುಟ್ಟುಹೆಸರು ಫ್ರಾನ್ಸ್. 1960ರಲ್ಲಿ ಫ್ರಾನ್ಸ್ ದೇಶದ ಸ್ಯಾಂ ನಜೇರ್‌ನಲ್ಲಿ ನೀರಿಗಿಳಿದಾಗ ಅಷ್ಟು ಉದ್ದದ ಪ್ರಯಾಣಿಕ ಹಡಗು ಬೇರೆ ಇರಲಿಲ್ಲ. 316 ಮೀಟರ್. ಮುಂದೆ ನಾರ್ವೆ ಎಂಬ ಹೆಸರಲ್ಲಿ ಕೆರಿಬಿಯನ್ ಸುತ್ತಿತು. 2003ರ ಮೇ ತಿಂಗಳಲ್ಲಿ ಮಯಾಮಿ ಬಂದರಿನಲ್ಲಿ ಅದರ ಬಾಯ್ಲರ್ ಸಿಡಿದು ಎಂಟು ಸಿಬ್ಬಂದಿ ತೀರಿಕೊಂಡರು. ಹಡಗು ಜರ್ಮನಿಗೆ ಹೋಯಿತು, ಮಲೇಷ್ಯಾಕ್ಕೆ ಹೋಯಿತು, ಕೊನೆಗೆ 2006ರಲ್ಲಿ ಅಲಂಗ್ ಎದುರು ಬಂದು ನಿಂತಿತು. ಅದರಲ್ಲಿ ಸುಮಾರು 1,200 ಟನ್ ಕಲ್ನಾರು ಬೆರೆತ ವಸ್ತು ಇದೆ ಎಂದು ಅಂದಾಜಿತ್ತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಹೊಗೆ ಪತ್ತೆ ಸಾಧನಗಳಲ್ಲಿದ್ದ ಅಮೆರಿಸಿಯಂ ಎಂಬ ವಿಕಿರಣಶೀಲ ಧಾತುವಿನ ವಿಚಾರವೂ ಬಂತು. 2007ರ ಸೆಪ್ಟೆಂಬರಿನಲ್ಲಿ ಒಡೆಯಲು ಒಪ್ಪಿಗೆ ಸಿಕ್ಕಿತು. ಅದರ ಮೂತಿಯ ತುದಿಯನ್ನು ಮಾತ್ರ ಕತ್ತರಿಸಿ ಜೋಪಾನವಾಗಿ ಫ್ರಾನ್ಸಿಗೆ ಒಯ್ದರು. ಇಂದು ಅದು ಲ ಆವ್ರ್ ಬಂದರಿನಲ್ಲಿ ನಿಂತಿದೆ. ಹಡಗು ನ್ಯೂಯಾರ್ಕಿಗೆ ಹೊರಡುತ್ತಿದ್ದುದು ಅಲ್ಲಿಂದಲೇ.

ಒಡೆಯುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಅದಿರಿನಿಂದ ಒಂದು ಟನ್ ಉಕ್ಕು ಮಾಡಲು ಸುಮಾರು ಒಂದೂವರೆ ಟನ್ ಅದಿರು ಅಗೆಯಬೇಕು, ಕಲ್ಲಿದ್ದಲು ಸುಡಬೇಕು. ಸಂಡೂರಿನ ಗುಡ್ಡಗಳನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಹಡಗಿನ ತಗಡು ಒಳ್ಳೆಯ ಉಕ್ಕು. ಭಾವನಗರ, ಸಿಹೋರ್ ಸುತ್ತಲಿನ ಮಿಲ್ಲುಗಳಲ್ಲಿ ಅದನ್ನು ಕರಗಿಸದೆ, ಕೆಂಪಗೆ ಕಾಯಿಸಿ ಸರಳುಗಳಾಗಿ ಎಳೆಯುತ್ತಾರೆ. ಪ್ರೊಪೆಲ್ಲರಿನ ಕಂಚು ಬೇರೆ, ವೈರಿನ ತಾಮ್ರ ಬೇರೆ. ಅಲಂಗ್‌ಗೆ ಹೋಗುವ ರಸ್ತೆಯ ಎರಡೂ ಬದಿ ಖಾಡಾ ಎಂದು ಕರೆಯುವ ಅಂಗಡಿಗಳಿವೆ. ಮಂಚ, ಹಾಸಿಗೆ, ಪಿಂಗಾಣಿ ತಟ್ಟೆ, ವ್ಯಾಯಾಮದ ಯಂತ್ರ, ಲೈಫ್ ಜಾಕೆಟ್, ಏನು ಬೇಕು ಕೇಳಿ. ಹೋಟೆಲಿನವರು ಲಾರಿ ತಂದು ತುಂಬಿಸಿಕೊಂಡು ಹೋಗುತ್ತಾರೆ.

ಹಡಗನ್ನು ಒಡೆಯದೆ ಇಟ್ಟುಕೊಂಡ ಉದಾಹರಣೆಗಳೂ ಇವೆ. ಕ್ವೀನ್ ಮೇರಿ 1967ರಿಂದ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿದೆ, ಕ್ವೀನ್ ಎಲಿಜಬೆತ್ 2 ದುಬೈನಲ್ಲಿ ಹೋಟೆಲ್ ಆಗಿದೆ. ಆದರೆ ನಿಂತ ಹಡಗಿಗೂ ತುಕ್ಕು ತಪ್ಪದು, ಖರ್ಚು ತಪ್ಪದು. ಹಾಗಾಗಿ ಇಂಥವು ಬೆರಳೆಣಿಕೆ.

ಈಗ ತಂಗಿಯ ಕಥೆ. 2020ರ ಕೊನೆಯಲ್ಲಿ ಪೆಸಿಫಿಕ್ ಡಾನ್ ಹಡಗನ್ನು ಓಷನ್ ಬಿಲ್ಡರ್ಸ್ ಎಂಬ ಸಂಸ್ಥೆ ಕೊಂಡಿತು. ಪನಾಮಾದ ಎದುರು ಅದನ್ನು ನಿಲ್ಲಿಸಿ ತೇಲುವ ಊರು ಮಾಡುವುದು ಅವರ ಕನಸು. ಬಿಟ್‌ಕಾಯಿನ್ ಹುಟ್ಟುಹಾಕಿದವರ ಹೆಸರಲ್ಲಿ ಸತೋಶಿ ಎಂದು ಕರೆದರು. ಆದರೆ ವಿಮೆ ಕೊಡಲು ಯಾರೂ ಮುಂದೆ ಬರಲಿಲ್ಲ. ಕನಸು ಕೆಲವೇ ವಾರದಲ್ಲಿ ಮುರಿಯಿತು. ಅಲಂಗ್‌ಗೆ ಮಾರಲು ಮಾತಾಯಿತು. ಆಗ ಅಡ್ಡ ಬಂದಿದ್ದು ಬಾಸೆಲ್ ಒಪ್ಪಂದ, ವಿಷದ ತ್ಯಾಜ್ಯವನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸುವುದಕ್ಕೆ ಕಡಿವಾಣ ಹಾಕುವ ಒಪ್ಪಂದ. ಗುಜರಿಯ ದಾರಿ ಮುಚ್ಚಿತು. 2021ರಲ್ಲಿ ಬ್ರಿಟನ್ನಿನ ಒಂದು ಹೊಸ ಕಂಪನಿ ಹಡಗನ್ನು ಕೊಂಡು ರಿಪೇರಿ ಮಾಡಿಸಿತು. 2022ರ ಏಪ್ರಿಲ್‌ನಲ್ಲಿ ಲಂಡನ್ ಹತ್ತಿರದ ಟಿಲ್ಬರಿಯಿಂದ ಅದು ಆಂಬಿಯೆನ್ಸ್ ಎಂಬ ಹೆಸರಲ್ಲಿ ಪ್ರಯಾಣಿಕರನ್ನು ಹೊತ್ತು ಹೊರಟಿತು. ಅದೇ ಉಕ್ಕು, ಅದೇ ನಕ್ಷೆ, ವಯಸ್ಸಿನಲ್ಲಿ ಒಂದೇ ವರ್ಷದ ಅಂತರ. ಅಷ್ಟರಲ್ಲಿ ಅಕ್ಕನ ತಗಡುಗಳು ಎಷ್ಟೋ ಮನೆಗಳ ಪಿಲ್ಲರಿನಲ್ಲಿ ಸರಳಾಗಿ ಕೂತಿರಬೇಕು.

ಆಂಬಿಯೆನ್ಸ್‌ಗೂ ಒಂದು ದಿನ ಸರದಿ ಬರುತ್ತದೆ. ಅಷ್ಟು ಹೊತ್ತಿಗೆ ನಿಯಮ ಸ್ವಲ್ಪ ಬಿಗಿಯಾಗಿರುತ್ತದೆ. ಹಡಗು ಒಡೆಯುವ ಕೆಲಸ ಸುರಕ್ಷಿತವಾಗಿರಲಿ ಎಂದು 2009ರಲ್ಲೇ ಬರೆದಿಟ್ಟ ಹಾಂಗ್‌ಕಾಂಗ್ ಒಪ್ಪಂದ ಹದಿನಾರು ವರ್ಷ ಕಾದು 2025ರ ಜೂನ್ 26ರಂದು ಜಾರಿಗೆ ಬಂತು. ಭಾರತ 2019ರಲ್ಲೇ ಇದಕ್ಕೆ ಸೇರಿ ತನ್ನದೇ ಕಾನೂನು ಕೂಡ ಮಾಡಿಕೊಂಡಿದೆ. ದಡಕ್ಕೆ ಹತ್ತಿಸಿ ಒಡೆಯುವುದನ್ನು ಈ ಒಪ್ಪಂದ ನಿಷೇಧಿಸಿಲ್ಲ. ಇದು ಸಾಲದು ಎನ್ನುವ ಪರಿಸರ ಸಂಘಟನೆಗಳ ಮಾತನ್ನು ನಾನೂ ಒಪ್ಪುತ್ತೇನೆ. ಕೆಸರಿಗೆ ಬಿದ್ದ ಎಣ್ಣೆ, ಬಣ್ಣದ ಪುಡಿಯನ್ನು ಮುಂದಿನ ಉಬ್ಬರ ಬಂದು ಒಯ್ಯುತ್ತದೆ, ಯಾರೂ ಹೆಕ್ಕಲಾರರು. ಆದರೂ ಒಪ್ಪಂದದಲ್ಲಿ ಒಂದು ಅಂಶ ನನಗೆ ಬಹಳ ಮುಖ್ಯ ಅನಿಸುತ್ತದೆ. ಪ್ರತಿ ದೊಡ್ಡ ಹಡಗಿನಲ್ಲೂ ಒಂದು ಪಟ್ಟಿ ಇರಬೇಕು. ಯಾವ ಮಹಡಿ, ಯಾವ ಗೋಡೆ, ಯಾವ ಪೈಪು, ಅದರಲ್ಲಿ ಯಾವ ವಿಷ, ಎಷ್ಟು ಕಿಲೋ ಎಂದು ಬರೆದಿರಬೇಕು. ಹಳೆಯ ಹಡಗುಗಳಿಗೆ ಐದು ವರ್ಷ ಗಡುವು, ಗುಜರಿಗೆ ಹೋಗುವುದಾದರೆ ಅದಕ್ಕೂ ಮೊದಲೇ. ಬಿಹಾರದ ಯಾವುದೋ ಹಳ್ಳಿಯಿಂದ ಬಂದ ಹುಡುಗ ಕಟ್ಟರ್ ಹೊತ್ತಿಸುವ ಮೊದಲು ಯಾರಾದರೂ ಆ ಪಟ್ಟಿ ತೆರೆದು, ಅವನ ಭಾಷೆಯಲ್ಲಿ, ಈ ಗೋಡೆ ಮುಟ್ಟಬೇಡ ಎಂದು ಹೇಳಬೇಕು.